ತೊಳೆಯದ ಕಾಳು

…ಅಲ್ಲ ಭಾವ, ಬೀಜ ಎಲ್ಲಿಗೂ ಓಡಿಹೋಗಲ್ಲ, ಮೊದಲು ಕೂತ್ಕೊಳ್ಳಿ! ಆ ಸ್ಟೂಲು ಬೇಡ, ಅದಕ್ಕೆ ಒಂದು ಕಾಲು ಕುಂಟು. ಈ ಕುರ್ಚಿ ತಗೊಳ್ಳಿ. ಬಂದೋರು ಬಂದ ಹಾಗೇ ಗೋದಾಮಿನ ಕಡೆ ಕೈ ತೋರಿಸಿ ‘ಮೂಟೆ’ ಅಂದ್ರೆ, ನಾನೇನು ಬರೀ ಅಂಗಡಿಯವನಾ? ನಿಮ್ಮ ಹೆಂಡತಿಯ ತಮ್ಮ ಅಲ್ವಾ? ಗೊತ್ತು, ಗೊತ್ತು. ನಿನ್ನೆ ಮಳೆ ಬಂದಿದೆ, ನೆಲ ಹದಕ್ಕೆ ಬಂದಿದೆ, ನಾಳೆ ಬಿತ್ತಬೇಕು, ನಾಡಿದ್ದು ಅಂದ್ರೆ ತಡ. ಬೀಜ ಗೊಬ್ಬರ ಮಾರಿಕೊಂಡೇ ತಲೆ ಬೆಳ್ಳಗಾದೋನಿಗೆ ಹದ ಅಂದ್ರೆ ಏನು ಅಂತ ನೀವು ಕಣ್ಣಲ್ಲೇ ಪಾಠ ಹೇಳಬೇಕಾ? ನೀರು ಕುಡೀರಿ. ಇಗೋ, ಗಾಜಿನ ಲೋಟ, ಬಂದ ನೆಂಟರಿಗೆ ಅಂತಲೇ ಇಟ್ಟಿರೋದು.

ಬೀಗ? ಬೀಗ ಕಚ್ಕೊಂಡಿದೆ ಭಾವ. ತುಕ್ಕು. ಎಣ್ಣೆ ಬಿಟ್ಟಿದೀನಿ, ಸ್ವಲ್ಪ ನೆನೀಲಿ. ಬಲವಂತ ಮಾಡಿದ್ರೆ ಬೀಗದ ಕೈ ಒಳಗೇ ಮುರಿದುಕೊಳ್ಳುತ್ತೆ, ಆಮೇಲೆ ಬಾಗಿಲು ಒಡೀಬೇಕು. ಯಾಕೆ ನಗ್ತೀರಿ? ಅಪ್ಪನ ಕಾಲದ ಬೀಗ ಅದು. ಮನುಷ್ಯನಿಗೆ ಮಂಡಿ ಹಿಡ್ಕೊಳ್ಳೋದಿಲ್ವಾ? ಬೀಗಕ್ಕೆ ಹಿಡ್ಕೊಂಡ್ರೆ ನಗು!

ಅದಿರಲಿ. ಹಿಂದೆ ತಿರುಗಿ ನೋಡಿ, ಬೀದಿಯ ಆಚೆ ಬದಿ. ಕಾಣ್ತಾ? ಮೊದಲು ಮರದ ಮಂಡಿ ಇತ್ತಲ್ಲ, ಅದೇ ಜಾಗ. ಗಾಜಿನ ಮನೆ ಕಟ್ಟಿಬಿಟ್ಟಿದ್ದಾರೆ ಆ ದೊಡ್ಡ ಬೀಜ-ಗೊಬ್ಬರದ ಕಂಪನಿಯೋರು. ಒಳಗೆ ತಣ್ಣಗೆ ಗಾಳಿ. ಹತ್ತಿರ ಹೋದ್ರೆ ಸಾಕು, ಬಾಗಿಲು ತಾನೇ ಸರಿಯುತ್ತೆ, ಯಾರೋ ದೊಡ್ಡ ಮನುಷ್ಯ ಬಂದ ಹಾಗೆ. ನಮ್ಮ ಗಿರಾಕಿಗಳು ಚಪ್ಪಲಿ ಬಿಟ್ಟು ಒಳಗೆ ಹೋಗ್ತಾರೆ ಭಾವ, ಚಪ್ಪಲಿ ಬಿಟ್ಟು! ಯೂರಿಯಾ ಕೊಳ್ಳೋಕೆ! ಇಲ್ಲಿ ಮಾತ್ರ ಕೆಸರು ಕಾಲಲ್ಲಿ ಬಂದು, ಅದೇ ಕಾಲನ್ನ ಈ ಕುರ್ಚಿ ಮೇಲಿಟ್ಟು, ಟೀ ಕುಡಿದು, ಅರ್ಧ ದಿನ ನನ್ನ ಕಿವಿ ತಿಂದು, ಕೊನೆಗೆ ತೂಕದ ಮೇಲೆ ಇನ್ನೊಂದು ಹಿಡಿ ‘ಕೊಸರು ಹಾಕು’ ಅಂತ ಕೈ ಒಡ್ಡುತ್ತಿದ್ದೋರು.

ಕೊಸರು ಅಂದ ತಕ್ಷಣ ನೆನಪಾಯ್ತು ನೋಡಿ. ನಮ್ಮ ಪಂಪು ರಿಪೇರಿ ಮುದುಕ ಮೊನ್ನೆ ಅಲ್ಲಿಗೆ ಹೋದನಂತೆ. ಮೆಂತ್ಯದ ಬೀಜ ತಗೊಂಡು, ಅಭ್ಯಾಸ ಬಲ, ‘ಒಂದು ಹಿಡಿ ಕೊಸರು ಹಾಕಮ್ಮ’ ಅಂದನಂತೆ. ಆ ಹುಡುಗಿ ಪಾಪ, ಕಂಪ್ಯೂಟರಲ್ಲಿ ಹುಡುಕಿದಳಂತೆ, ಹುಡುಕಿದಳಂತೆ… ‘ಆ ಐಟಂ ಸ್ಟಾಕಿಲ್ಲ ಸರ್’ ಅಂದಳಂತೆ! ಹ್ಹ ಹ್ಹ… ನಗಿ ಭಾವ. ಆಗ ಬೀಗಕ್ಕೆ ನಕ್ಕಿರಲ್ಲ, ಈಗ ನಗಿ.

ನಗಲ್ಲ. ಸರಿ.

ನಿಮಗೆ ಏನು, ನೀವು ಹೊಲದೋರು. ನಿಮಗೆ ಮಳೆ ಒಂದು ಕೈ ಕೊಟ್ರೆ ಕೈ ಕೊಟ್ಟ ಹಾಗೆ. ನಮಗೆ ಮೇಲಿಂದ, ಕೆಳಗಿಂದ, ಪಕ್ಕದಿಂದ, ಎಲ್ಲ ಕಡೆಯಿಂದ. ಗೊಬ್ಬರದ ಲೋಡು ಕೇಳಿದ್ರೆ ಮೇಲಿನೋನು, ಆ ಸಗಟು ಡೀಲರು, ಏನಂತಾನೆ ಗೊತ್ತಾ? ಗೊಬ್ಬರ ಬೇಕಾದ್ರೆ ಜೊತೆಗೆ ಈ ಹಸಿರು ಬಾಟಲಿ ಟಾನಿಕ್ಕನ್ನೂ ಎತ್ತು ಅಂತಾನೆ. ಯಾರಿಗೆ ಬೇಕು ಟಾನಿಕ್ಕು? ಅದನ್ನ ಗಿಡಕ್ಕೆ ಹಾಕಿದ್ರೆ ಗಿಡಕ್ಕೂ ಏನೂ ಆಗಲ್ಲ, ಕಳೆಗೂ ಏನೂ ಆಗಲ್ಲ. ಅಟ್ಟದ ತುಂಬ ಅದೇ. ಆ ಕಡೆ ಎದುರಿನೋರಿಗೆ ಅದೇ ಮೇಲಿನೋನು ಬರೀ ಗೊಬ್ಬರ ಇಳಿಸಿ, ಸಲಾಮು ಹೊಡೆದು ಹೋಗ್ತಾನೆ. ಹೆಣ್ಣು ಕೊಟ್ಟ ಮಾವನ ಮನೆ ನೋಡಿ ಅವನಿಗೆ!

ಔಷಧಿ ಹೊಡೆಯೋ ಪಂಪು ಮಾರ್ತಿದ್ದೆ, ವಾಷರ್ರು, ನಾಝಲ್ಲು, ಬೆಲ್ಟು. ಈಗ ಕಂಪನಿಯೋರು ಡ್ರೋನ್ ತಂದಿದ್ದಾರೆ, ಫೋನ್ ಮಾಡಿದ್ರೆ ಹಾರಿಕೊಂಡು ಬಂದು ಹೊಡೆದು ಹೋಗುತ್ತೆ. ಹಗ್ಗದ ಅಂಗಡಿಯೋನು ಮೊಬೈಲ್ ಕವರ್ ಮಾರ್ತಿದ್ದಾನೆ. ಕುಡುಗೋಲು ಹದ ಮಾಡ್ತಿದ್ದೋನು ಅಲ್ಲೇ ಕಾವಲುಗಾರ ಆಗಿದ್ದಾನೆ, ನೀಲಿ ಅಂಗಿ, ತಲೆ ಮೇಲೆ ಟೋಪಿ, ಬಂದೋರ ಚಪ್ಪಲಿ ಕಾಯೋ ಕೆಲಸ. ಈ ಬೀದೀಲಿ ಉಳಿದೋನು ನಾನೊಬ್ಬ. ಉಳಿದೋನು ಅಂದ್ರೇನು, ನೀರು ಇಳಿದ ಮೇಲೆ ಬಂಡೆಗೆ ಸಿಕ್ಕಿಕೊಂಡ ಕಸ ಉಳಿಯುತ್ತಲ್ಲ, ಹಾಗೆ.

ಆದರೂ ನಾನು ಅವರ ಮೇಲೆ ಕೋಪ ಮಾಡ್ಕೊಳ್ಳಲ್ಲ. ವ್ಯಾಪಾರ ಅಂದ್ರೆ ವ್ಯಾಪಾರ. ದೊಡ್ಡ ಮೀನು ಚಿಕ್ಕ ಮೀನನ್ನ ನುಂಗೋದು ಕೋಪದಿಂದ ಅಲ್ಲ, ಹಸಿವಿಂದ. ಅವರ ಮ್ಯಾನೇಜರು ಇದೇ ಕುರ್ಚೀಲಿ ಕೂತು ನನಗೆ ಹೇಳಿದ್ದ, ಈ ಸೀಮೆಗೆಲ್ಲ ನೀವೇ ನಮ್ಮ ಏಜೆಂಟರು, ನಿಮ್ಮ ಬೋರ್ಡಿನ ಪಕ್ಕದಲ್ಲೇ ನಮ್ಮ ಬೋರ್ಡು… ಹಾಂ? ಯಾವಾಗ ಅಂದ್ರೆ… ಯಾವಾಗಲೋ. ಬಂದಿದ್ದ ಒಂದು ಸಲ. ದಾರಿ ಕೇಳೋಕೆ. ದಾರಿ ಕೇಳೋಕೆ ಬಂದೋನು ನೀರು ಕೇಳಿದ, ನೀರು ಕುಡೀತಾ ನಾಲ್ಕು ಮಾತಾಡಿದ. ಅಂಥೋರು ಎಲ್ಲರಿಗೂ ಹಾಗೇ ಹೇಳ್ತಾರಂತೆ. ಬೋರ್ಡು ಬಂತು, ಆದ್ರೆ ಬೀದಿ ಆ ಕಡೆ ಬಂತು! ಬೆಳಿಗ್ಗೆ ನಾನು ಬಾಗಿಲು ತೆಗೀತೀನಿ, ಎದುರಿಗೆ ಅವರ ಬೋರ್ಡು ನನ್ನ ಮುಖ ನೋಡಿ ಹಲ್ಲು ಕಿರಿಯುತ್ತೆ.

ಹೊರಗಿನೋರು ಹೊಡೆದ ಪೆಟ್ಟು ವಾಸಿಯಾಗುತ್ತೆ ಭಾವ. ಮನೆಯೋರು ಹೊಡೆದದ್ದು ವಾಸಿಯಾಗಲ್ಲ.

ಈಗ ಮುಖ ಎತ್ತಿದ್ರಿ! ಹಾಂ, ಮನೆಯೋರು ಅಂದೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡೋದು ನನಗೆ ಬರಲ್ಲ. ಬೀದೀಲೆಲ್ಲ ಮಾತಾಡ್ತಿದ್ದಾರೆ, ನಿಮ್ಮ ಕಿವಿಗೆ ಇನ್ನೂ ಬಿದ್ದಿಲ್ವಾ? ನಾನು ‘ಛೆ, ನಮ್ಮ ಭಾವ ಅಂಥೋರಲ್ಲ’ ಅಂತ ಎಲ್ಲರ ಬಾಯಿ ಮುಚ್ಚಿಸಿ ಮುಚ್ಚಿಸಿ ಸಾಕಾಗಿದೆ. ಎಷ್ಟು ಬಾಯಿಗೆ ಅಂತ ಅಡ್ಡ ಕೈ ಇಡಲಿ? ನನಗಿರೋದು ಎರಡೇ ಕೈ.

ಅಮ್ಮನ ಕಾಳಿನ ವಿಷಯ.

ಹೆಸರು ಹೇಳಿದ್ರೆ ಸಾಕು, ನಿಮ್ಮ ದವಡೆ ಬಿಗಿಯಾಯ್ತು. ಆಗಲೇಬೇಕು. ಅಂಥ ಅಲಸಂದೆ ಇನ್ಯಾರ ಹತ್ರ ಇದೆ ಹೇಳಿ? ಬಿಳೀ ಕಾಳು, ಕಣ್ಣಿನ ಸುತ್ತ ಕೆಂಪು ಗೆರೆ, ರಾತ್ರಿಯೆಲ್ಲ ನಿದ್ದೆಗೆಟ್ಟೋನ ಕಣ್ಣಿನ ಹಾಗೆ. ಮಳೆ ಕಮ್ಮಿ ಆದ್ರೂ ಬರುತ್ತೆ, ಹೆಚ್ಚಾದ್ರೂ ಬರುತ್ತೆ, ಔಷಧಿ ಕೇಳಲ್ಲ. ಔಷಧಿ ಮಾರೋ ನನಗೆ ಅದರಿಂದ ನಷ್ಟಾನೇ! ಅಕ್ಕ ಮದುವೆಯಾಗಿ ನಿಮ್ಮ ಮನೆಗೆ ಬಂದಾಗ ತವರಿಂದ ತಂದದ್ದು ಏನು? ಚಿನ್ನ ಇತ್ತಾ ನಮ್ಮ ಮನೇಲಿ? ಒಂದು ಗಡಿಗೆ ಬೀಜ. ಅಮ್ಮ ಕೈಯಾರೆ ಕೊಟ್ಟದ್ದು. ನಾನಿನ್ನೂ ಮೂಗು ಸೋರಿಸೋ ವಯಸ್ಸು, ಅಕ್ಕನ ಹಿಂದೆ ಗಾಡಿ ಹತ್ತಬೇಕು ಅಂತ ಅತ್ತೆನಂತೆ. ಅಮ್ಮ ಹೋದ ಮೇಲೆ ನನ್ನನ್ನ ಸಾಕಿದೋಳೂ ಅವಳೇ. ನಾನು ಬೇಡ ಅಂತೀನಾ? ಅದಕ್ಕೇ ತಾನೇ ಪ್ರತಿ ವರ್ಷ ಅವಳ ಹೆಸರಲ್ಲಿ ಎರಡು ಮೂಟೆ ಗೋದಾಮಲ್ಲಿ ಬೇರೇನೇ ಇಡೋದು. ಅವಳ ಗಡಿಗೆ ಕೈ ಕೊಟ್ರೆ ಇಲ್ಲಿರಲಿ ಅಂತ.

ಈ ವರ್ಷ ಕೈ ಕೊಡ್ತಲ್ಲ! ಹುಳ ಬಿತ್ತಂತೆ, ಗಡಿಗೆ ತುಂಬ ತೂತು ಕಾಳಂತೆ. ಬಡ್ಕೊಂಡೆ, ಬೂದಿ ಬೇಡ, ಕೆಮ್ಮಣ್ಣು ಕಟ್ಟು ಅಂತ. ಕೇಳ್ತಾಳಾ? ಅಮ್ಮ ಬೂದೀಲಿ ಇಡ್ತಿದ್ದಳು, ಅಪ್ಪ ಕೆಮ್ಮಣ್ಣು ಕಟ್ತಿದ್ದ, ಅದೊಂದು ವಿಷಯಕ್ಕೆ ಅವರಿಬ್ಬರೂ ಜನ್ಮಪೂರ್ತಿ ಜಗಳ ಆಡಿದ್ರು. ಅಕ್ಕ ಅಮ್ಮನ ಕಡೆ, ನಾನು ಅಪ್ಪನ ಕಡೆ. ಕೆಮ್ಮಣ್ಣನ್ನ ನೀರಲ್ಲಿ ಕದಡಿ, ಕಾಳಿಗೆ ಸವರಿ, ನೆರಳಲ್ಲಿ ಒಣಗಿಸಿ ಇಟ್ಟರೆ ಹುಳ ಮೂಸಿ ಕೂಡ ನೋಡಲ್ಲ. ನೀವು ಈ ಬೀದಿ ಬಿಡಿ, ಈ ಸೀಮೇಲಿ ತಿರುಗಿ ಬನ್ನಿ, ಅಲಸಂದೆಗೆ ಕೆಮ್ಮಣ್ಣು ಕಟ್ಟೋನು ನಾನೊಬ್ಬ ಬಿಟ್ರೆ ಇನ್ನೊಬ್ಬನ್ನ ತೋರಿಸಿ! ಕೈಯೆಲ್ಲ ಕೆಂಪು, ಅಂಗಿಯೆಲ್ಲ ಕೆಂಪು, ಮನೇಲಿ ಬೈಗುಳ, ಆದ್ರೂ ಬಿಟ್ಟಿಲ್ಲ. ಅಷ್ಟು ಮಾಡಿ ಕಾಪಾಡಿದ್ದು…

ಅಷ್ಟು ಮಾಡಿ ಕಾಪಾಡಿದ್ದನ್ನ ಒಬ್ಬರು ಹೋಗಿ ಕಂಪನಿ ಬಾಯಿಗೆ ಹಾಕಿ ಬಂದ್ರು.

ಇರಿ, ಡ್ರಾಯರಲ್ಲಿದೆ. ಇಗೋ. ನೋಡಿದೀರಾ ಇದನ್ನ? ಬಾಗಿಲಲ್ಲಿ ನಿಂತು ಬಂದೋರಿಗೆಲ್ಲ ಪುಕ್ಕಟೆ ಹಂಚ್ತಿದ್ದಾರೆ, ಸ್ಯಾಂಪಲ್ ಪೊಟ್ಟಣ. ಮೇಲಿರೋ ಚಿತ್ರ ನೋಡಿ. ಯಾರ ಕಣ್ಣು ಅದು? ಅಮ್ಮನ ಕಾಳಿನ ಕಣ್ಣಲ್ವಾ? ಹೆಸರೇನು ಇಟ್ಟಿದ್ದಾರೆ ಗೊತ್ತಾ? ‘ನಲವತ್ತೊಂದು.’ ಅಷ್ಟೇ! ಜೈಲಲ್ಲಿ ಕೈದಿಗೆ ನಂಬರು ಕೊಟ್ಟ ಹಾಗೆ! ಈ ವರ್ಷ ಪುಕ್ಕಟೆ. ಬರೋ ವರ್ಷ ಅವರ ಹತ್ರಾನೇ ಕೊಳ್ಳಬೇಕು, ಬೆಳೆದದ್ದನ್ನ ಅವರಿಗೇ ಮಾರಬೇಕು, ಮನೇಲಿ ಉಳಿಸಿಕೊಂಡು ಬಿತ್ತಿದ್ರೆ ಕರಾರು ಮುರಿದ ಹಾಗಂತೆ. ಅಕ್ಕ ತನ್ನ ತವರಿನ ಬೀಜವನ್ನ ಗಾಜಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹೋಗಿ ಕೇಳಿ ತರಬೇಕು!

ಪೊಟ್ಟಣ ಯಾಕೆ ಹಿಂದಕ್ಕೆ ತಳ್ತೀರಿ? ಕೋಪವಾ? ಕೋಪ ಬರಬೇಕಾದದ್ದು ನನಗೆ.

ಲೆಕ್ಕ ನೀವೇ ಹಾಕಿ. ಈ ಕಾಳು ಇದ್ದದ್ದು ಎರಡೇ ಕಡೆ. ನಿಮ್ಮ ಹೊಲ, ನನ್ನ ಗೋದಾಮು. ನಮ್ಮಿಂದ ಹಿಡಿ ಬೀಜ ತಗೊಂಡೋರು ಇದ್ದಾರೆ, ಇಲ್ಲ ಅನ್ನಲ್ಲ. ಬೆಳೆದು ತಿಂದ್ರು, ಮುಗೀತು. ಮೂಟೆಗಟ್ಟಲೆ ಯಾರ ಹತ್ರ ಇತ್ತು? ಸುಗ್ಗಿ ಮುಗಿದಾಗ ಕಾಲುವೆ ಪಕ್ಕ ನಿಮ್ಮ ಹೊಲದ ಬದುವಿನ ಮೇಲೆ ಕಂಪನಿ ಜೀಪು ನಿಂತಿತ್ತು ತಾನೇ? ತಲೆ ಅಲ್ಲಾಡಿಸಬೇಡಿ, ಹಾಲಿನೋನು ಕಣ್ಣಾರೆ ನೋಡಿದ್ದಾನೆ. ಏನು, ದಾರಿ ಕೇಳೋಕೆ ಬಂದಿದ್ದರಾ? ಹ್ಹ! ಒಳ್ಳೆ ಕಥೆ! ನಿಮ್ಮ ಹೊಲದಿಂದ ಮುಂದೆ ಕಾಲುವೆ ಬಿಟ್ರೆ ಏನಿದೆ? ಎಲ್ಲಿಗೆ ದಾರಿ ಕೇಳ್ತಾರೆ, ಮೀನಿನ ಮನೆಗಾ?

ಹೆಗಲ ಮೇಲೆ ಯಾಕೆ ಕೈ ಹೋಯ್ತು? ಟವಲ್ ಸರಿ ಮಾಡ್ಕೊಳ್ಳೋಕಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ! ನಾನು ಅನ್ನಲಿಲ್ಲಪ್ಪ, ಹಿರಿಯರು ಅಂದದ್ದು.

ನೋಡಿ, ನಾನು ಜಗಳಕ್ಕೆ ಕರೆದಿಲ್ಲ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಕಷ್ಟ ಎಲ್ಲರಿಗೂ ಬರುತ್ತೆ. ಕಂಪನಿಯೋರು ಒಳ್ಳೆ ಮಾತಾಡಿರ್ತಾರೆ, ಮೂಟೆ ಕೊಟ್ಟಿರ್ತೀರಿ. ಆಯ್ತು. ಕೊಟ್ಟೆ ಅಂತ ಒಂದು ಮಾತು ಹೇಳಿಬಿಡಿ. ಅಕ್ಕನ ಹತ್ರ ನಾನೇ ಬಂದು ಮಾತಾಡ್ತೀನಿ. ನನ್ನ ಮಾತು ಅವಳು ತೆಗೆದುಹಾಕಲ್ಲ. ಆಮೇಲೆ ಬೀಜದ ವಿಷಯ… ಈ ವರ್ಷಕ್ಕೆ ನಿಮಗೆ ಬೇರೆ ಬೀಜ ಕೊಡ್ತೀನಿ, ಒಳ್ಳೆ ಕಂಪನಿದು, ಮೊಳಕೆಗೆ ಗ್ಯಾರಂಟಿ. ಅಲಸಂದೆ ಅಲಸಂದೆಯೇ. ಹೊಲಕ್ಕೆ ಗೊತ್ತಾಗುತ್ತಾ ಯಾರ ಅಮ್ಮಂದು ಅಂತ?

ಯಾಕೆ ಹಾಗೆ ನೋಡ್ತೀರಿ? ಮೂಟೆ ಇದೆ, ಇದೆ! ಇಲ್ಲ ಅಂದ್ನಾ? ಬೀಗ ಒಂದು… ಆ ಕಡೆ ನೋಡಬೇಡಿ ಭಾವ, ಹೇಳಿದ್ನಲ್ಲ, ಎಣ್ಣೆ ನೆನೀಬೇಕು.

ಮಾತಾಡಿ. ನೀವು ಮೊದಲಿಂದಲೂ ಹೀಗೇ. ಮದುವೆ ದಿನಾನೂ ಅಪ್ಪ ಕೇಳಿದ್ದಕ್ಕೆಲ್ಲ ಬರೀ ತಲೆ ಹಾಕಿದ್ರಿ, ‘ಅಳಿಯ ಮೂಗನಾ’ ಅಂತ ನೆಂಟರೆಲ್ಲ ಗುಸುಗುಸು. ಬೇಡ, ಮಾತಾಡಬೇಡಿ. ಕಾಳೇ ಮಾತಾಡಲಿ. ಈ ಪೊಟ್ಟಣ ನಾನಿನ್ನೂ ಒಡೆದಿಲ್ಲ, ಸೀಲು ನೋಡಿ, ಹಾಗೇ ಇದೆ. ನೀವು ಬಂದ ಮೇಲೆ ನಿಮ್ಮ ಎದುರಿಗೇ ಒಡೆಯೋಣ ಅಂತಲೇ ಇಟ್ಟಿದ್ದೆ. ಚಿತ್ರದಲ್ಲಿ ಏನು ಬೇಕಾದ್ರೂ ಬರೀಬಹುದು, ಕಾಳು ಸುಳ್ಳು ಹೇಳಲ್ಲ. ತಡೀರಿ… ಹಲ್ಲಿಗೂ ಬರಲ್ಲ ಈ ಪ್ಲಾಸ್ಟಿಕ್ಕು… ಅಯ್ಯೋ, ಚೆಲ್ಲಿತು! ಇರಲಿ, ಇರಲಿ. ಮೇಜಿನ ಮೇಲಿರೋದು ಸಾಕು. ನೋಡಿ ಈಗ! ಅಂಗೈಯಲ್ಲಿ ಹಾಕ್ಕೊಂಡು ಉಜ್ಜಿ ತೋರಿಸ್ತೀನಿ, ಕಣ್ಣಿಟ್ಟು ನೋಡಿ. ಇದೇ ಗೆರೆ. ಇದೇ ಕಣ್ಣು. ಇದು ನಿಮ್ಮ ಹೊಲದ್ದಲ್ಲ ಅಂತ ಎದೆ ಮುಟ್ಟಿ ಹೇಳಿ! ನಾನು ಹೇಳ್ತೀನಿ, ನನ್ನ ಎದೆ ಮುಟ್ಟಿಕೊಂಡು ಹೇಳ್ತೀನಿ, ಇದು ಅಮ್ಮನ ಕಾಳು, ಇದನ್ನ ಮಾರಿದೋರು ಹೊರಗಿನೋರಲ್ಲ, ನಮ್ಮ ಮನೆಯ…

ಏನು?

ನನ್ನ ಅಂಗಿ ಕಡೆ ಏನು ನೋಡ್ತಿದ್ದೀರಿ?

ಓ, ಇದಾ. ಕೆಂಪು. ಅದು… ಬಣ್ಣ ಭಾವ. ಕಂಪನಿ ಬಣ್ಣ. ಬೀಜಕ್ಕೆ ಔಷಧಿ ಸವರಿ ಬಣ್ಣ ಹಾಕಿರ್ತಾರೆ, ತಿನ್ನಬಾರದು ಅಂತ ಗುರುತಿಗೆ. ಜೋಳಕ್ಕೆ ಹಾಕಿರೋದು ನೋಡಿಲ್ವಾ? ಎಲ್ಲ ಕಂಪನಿಯೋರೂ ಹಾಕ್ತಾರೆ. ಕೆಲವರು ಹಸಿರು, ಕೆಲವರು ಗುಲಾಬಿ, ಇವರು ಕೆಂಪು. ಅಷ್ಟೇ. ಕೈ ತೊಳ್ಕೊಂಡ್ರೆ ಹೋಗುತ್ತೆ.

ಮೂಸಬೇಡಿ! ವಿಷ ಅದು! ನಾಲಿಗೆಗೆ ಯಾಕೆ ಇಟ್ಕೊಳ್ತೀರಿ, ಬುದ್ಧಿ ಇದೆಯಾ ನಿಮಗೆ? ಅಕ್ಕನಿಗೆ ನಾನು ಏನು ಉತ್ತರ ಹೇಳಲಿ?

ಭಾವ, ಅದು ಕುಡಿಯೋ ನೀರು. ಅದರೊಳಗೆ ಯಾಕೆ ಹಾಕಿದ್ರಿ? ಒಂದು ಹಿಡಿ ಕಾಳು…! ನೋಡಿ, ಕೆಂಪಾಯ್ತು. ನಾನು ಹೇಳಿಲ್ವಾ? ಬಣ್ಣ ಬಿಡ್ತು. ಆಯ್ತಲ್ಲ ಪರೀಕ್ಷೆ. ಲೋಟ ಈ ಕಡೆ ಕೊಡಿ, ಚೆಲ್ಲಿಬಿಡ್ತೀನಿ. ಕೊಡಿ. ಕೈ ತೆಗೀರಿ ಲೋಟದ ಮೇಲಿಂದ.

ಏನಕ್ಕೆ ಕಾಯ್ತಿದ್ದೀರಿ?

ನಾನು ಏನು ಹೇಳ್ತಿದ್ದೆ… ಹಾಂ, ಡ್ರೋನು. ಡ್ರೋನಿನೋನು ಮೊನ್ನೆ ಪಕ್ಕದ ಹೊಲಕ್ಕೆ ಹೊಡೆಯೋ ಔಷಧಿ ಇನ್ಯಾರದೋ… ಆ ಹೊಲದೋನು… ಕೇಳ್ತಿದ್ದೀರಾ? ಲೋಟ ನೋಡೋದು ಬಿಟ್ಟು ನನ್ನ ಕಡೆ ನೋಡಿ. ನನ್ನ ಮೇಲೆ ನಂಬಿಕೆ ಇಲ್ವಾ? ಇಷ್ಟು ವರ್ಷ ಈ ಗಲ್ಲಾದ ಹಿಂದೆ ಕೂತಿದೀನಿ, ಒಬ್ಬ, ಒಬ್ಬನಾದ್ರೂ ‘ನೀನು ಮೋಸ ಮಾಡಿದೆ’ ಅಂತ… ಬಣ್ಣ ಅಂದ್ರೆ ಬಣ್ಣ. ಕರಗಿದ್ದು ಕರಗಿದ್ದೇ. ಅದೇನು ಕೆಳಗೆ ಕೂರೋದಿಲ್ಲ, ಬಣ್ಣ ಯಾವತ್ತಾದ್ರೂ…

ಮೇಲೆ ತಿಳಿಯಾಗ್ತಾ ಇದೆ.

ಗಾಜಿನ ಲೋಟ ನಾನೇ ಕೊಟ್ಟೆ ನೋಡಿ. ಸ್ಟೀಲಿನದು ಕೊಡಬೇಕಿತ್ತು.

ತಳದಲ್ಲಿ… ಅಷ್ಟು ಮಣ್ಣು!

ತೊಳೆದು ತುಂಬ್ತೀವಿ ಅಂದಿದ್ದ ಆ ಮ್ಯಾನೇಜರು, ಭಾವ! ಇದೇ ಕುರ್ಚೀಲಿ ಕೂತು ಅಂದ! ‘ಒಂದು ಚೂರು ಕೆಮ್ಮಣ್ಣು ಉಳಿಯಲ್ಲ, ಎಲ್ಲಿಂದ ಬಂತು ಅಂತ ಹೆತ್ತೋಳಿಗೂ ಗುರುತು ಸಿಗಲ್ಲ’ ಅಂದ! ಇಷ್ಟು ದೊಡ್ಡ ಕಂಪನಿ, ಗಾಜಿನ ಬಾಗಿಲು, ತಣ್ಣನೆ ಗಾಳಿ, ಆಕಾಶದಲ್ಲಿ ಡ್ರೋನು… ಒಂದು ಬಕೆಟ್ ನೀರಿಗೆ ಗತಿ ಇರಲಿಲ್ವಾ ಅವರಿಗೆ? ಏಜೆನ್ಸೀನೂ ಕೊಡಲಿಲ್ಲ, ಬೋರ್ಡೂ ಕೊಡಲಿಲ್ಲ, ಕೊನೆಗೆ ಕಾಳು ತೊಳೆಯೋ ಮಾತನ್ನೂ ಉಳಿಸ್ಕೊಳ್ಳಲಿಲ್ಲ! ನಂಬಿಸಿ ಕತ್ತು ಕುಯ್ದರಲ್ಲ ನನ್ನ…

ಭಾವ?

ನಾನೀಗ ಏನಂದೆ?

ಬೈಯಿರಿ. ಬೈದಾದ್ರೂ ಬೈಯಿರಿ ಭಾವ. ಹೀಗೆ ಕೂರಬೇಡಿ.

ಎದ್ದ್ರಾ… ಯಾಕೆ ಬಗ್ಗಿದ್ರಿ? ಬಿಡಿ, ನೆಲದ ಮೇಲಿರೋದನ್ನ ನಾನು ಗುಡಿಸ್ತೀನಿ. ಒಂದೊಂದೇ ಯಾಕೆ ಆರಿಸ್ತೀರಿ? ಅಷ್ಟರಲ್ಲಿ ನಿಮ್ಮ ಹೊಲದ ಒಂದು ಸಾಲೂ ಆಗಲ್ಲ. ಮೇಜಿನ ಕೆಳಗೆ ಒಂದು ಉರುಳಿದೆ… ಅಲ್ಲಿ, ಎಡಗಡೆ. ಹಾಂ. ಲೋಟದಲ್ಲಿರೋದೂ ಬೇಕಾ? ನೆನೆದಿದೆ ಅದು. ಸರಿ, ನಾಳೆಯೇ ಬಿತ್ತೋದಾದ್ರೆ ನಡೆಯುತ್ತೆ. ಟವಲಲ್ಲಿ ಕಟ್ಕೊಳ್ಳಿ. ಅಕ್ಕನಿಗೆ… ಅಕ್ಕನಿಗೆ ಏನು ಹೇಳ್ತೀರಿ?

ಗೋದಾಮಿನ ಕಡೆ ಹೋಗಬೇಡಿ, ಭಾವ. ಒಳಗೆ ಏನೂ ಇಲ್ಲ.

ಬೀಗ ಚೆನ್ನಾಗೇ ಇದೆ.